ಮಹಡಿಯ ಮೇಲಿನ ಎತ್ತು

ನಮ್ಮೂರಿನ ಹಲ್ಲಿನ ಆಸ್ಪತ್ರೆ ಮಹಡಿಯ ಮೇಲಿದೆ. ಕೆಳಗೆ ಹಿಟ್ಟಿನ ಗಿರಣಿ, ಪಕ್ಕದಲ್ಲಿ ಹೊಂಗೆಮರವಿರುವ ಒಂದು ಅಂಗಳ. ಆ ಅಂಗಳದ ಗೋಡೆಗೆ ಸಾಲಾಗಿ ಕಬ್ಬಿಣದ ಬಳೆಗಳನ್ನು ಹೊಡೆದಿದ್ದಾರೆ, ಭಯ ಕಟ್ಟುವುದಕ್ಕೆ. ಹಲ್ಲು ತೋರಿಸಲು ಬಂದವರ ಭಯ ಮೆಟ್ಟಿಲು ಹತ್ತುವ ಮೊದಲೇ ಹೊರಗೆ ಬಂದು ಪಕ್ಕದಲ್ಲಿ ನಿಂತಿರುತ್ತದೆ. ಒಬ್ಬರದು ಮೇಕೆ, ಒಬ್ಬರದು ನಾಯಿ, ಇನ್ನೊಬ್ಬರದು ಕತ್ತು ಚಾಚಿ ಕಿರಿಚುವ ಗಿನಿಕೋಳಿ. ಜೊತೆಗೆ ಬಂದವರು ಅದನ್ನು ಹಿಡಿದುಕೊಂಡು ಹೊಂಗೆಯ ನೆರಳಲ್ಲಿ ಕೂರುತ್ತಾರೆ. ಮೇಲೆ ಕೆಲಸ ಮುಗಿಯುತ್ತಿದ್ದ ಹಾಗೆ ಕೈಯಲ್ಲಿದ್ದ ಹಗ್ಗ ಸಡಿಲವಾಗುತ್ತದೆ, ತಿರುಗಿ ನೋಡಿದರೆ ಪ್ರಾಣಿ ಇರುವುದಿಲ್ಲ. ಹಗ್ಗ ಸುತ್ತಿಕೊಂಡು, ಕೆನ್ನೆ ಊದಿಸಿಕೊಂಡವರನ್ನು ಕರೆದುಕೊಂಡು ಮನೆಗೆ ಹೋಗುತ್ತಾರೆ.

ಇನ್ನೊಬ್ಬರ ಭಯವನ್ನು ದಿಟ್ಟಿಸಿ ನೋಡಬಾರದು, ಇದು ಯಾರದು ಎಂದು ಕೇಳಬಾರದು. ಇಷ್ಟು ಮರ್ಯಾದೆ ನಮ್ಮೂರಿನ ಮಕ್ಕಳಿಗೂ ಗೊತ್ತು. ಬಸ್ ನಿಲ್ದಾಣದಲ್ಲಿ ಸೂಟುಬೂಟಿನವರೊಬ್ಬರ ಪಕ್ಕ ಹಂದಿಯೊಂದು ನಡುಗುತ್ತಾ ನಿಂತಿದ್ದರೆ ಉಳಿದವರೆಲ್ಲ ಬಸ್ಸಿನ ಬೋರ್ಡು ಓದುತ್ತಾ ನಿಲ್ಲುತ್ತಾರೆ.

ನನ್ನ ಹೆಸರು ತಿರುಮಲಯ್ಯ. ನರಸಿಂಹಸ್ವಾಮಿ ಗುಡಿಯ ಪಕ್ಕದಲ್ಲಿ ಕರ್ಪೂರ, ಊದಿನಕಡ್ಡಿ, ಅರಿಶಿನ ಕುಂಕುಮದ ಅಂಗಡಿ ನನ್ನದು. ನಾನು ಮಾತು ಕಡಿಮೆಯವನು. ಚಿಕ್ಕಂದಿನಲ್ಲಿ ನನ್ನ ತಾತ ಸಂಜೆಯಾದರೆ ಜಗಲಿಯ ಮೇಲೆ ಕೂತು ಕಾವ್ಯ ಓದುತ್ತಿದ್ದರು. ರಾಗವಾಗಿ ಒಂದೊಂದು ಪದ್ಯ ಓದುವುದು, ನಿಲ್ಲಿಸುವುದು. ಆಗ ಎದುರಿಗೆ ಕೂತವನು ‘ಹ್ಞೂಂ’ ಅನ್ನಬೇಕು. ಆ ಹ್ಞೂಂ ಬಂದ ಮೇಲೆಯೇ ತಾತ ಮುಂದಿನ ಪದ್ಯಕ್ಕೆ ಹೋಗುತ್ತಿದ್ದದ್ದು. ಮನೆಯಲ್ಲಿ ಹ್ಞೂಂ ಅನ್ನುವ ಕೆಲಸ ನನ್ನದು. ಅಣ್ಣಂದಿರು ಕೆರೆಗೆ ಈಜಲು ಓಡಿದರೆ ನಾನು ಜಗಲಿಗೆ ಹೋಗುತ್ತಿದ್ದೆ. ಹಾಗೆ ಕೇಳಿ ಕೇಳಿ ಪದ್ಯಗಳೆಲ್ಲ ನನ್ನೊಳಗೆ ಇಳಿದು ಕೂತವು. ಬಾಯಿಬಿಟ್ಟು ಒಂದನ್ನೂ ನಾನು ಓದಿದವನಲ್ಲ. ಆದರೆ ಮನಸ್ಸಿಗೆ ಏನಾದರೂ ಹತ್ತಿದಾಗ ತುಟಿ ಮುಚ್ಚಿಕೊಂಡು ನಾಲಿಗೆಯನ್ನು ಒಳಗೊಳಗೇ ಆಡಿಸಿ ಒಂದು ಷಟ್ಪದಿ ಹೇಳಿಕೊಳ್ಳುತ್ತಿದ್ದೆ. ಆರನೆಯ ಸಾಲು ಮುಟ್ಟುವ ಹೊತ್ತಿಗೆ ಎದೆಯಲ್ಲಿ ಎದ್ದದ್ದು ಮತ್ತೆ ಮಲಗುತ್ತಿತ್ತು. ಹಾಗಾಗಿ ನನ್ನ ಭಯವನ್ನು ಯಾರೂ ಕಂಡಿಲ್ಲ. ನಾನೂ ಕಂಡಿರಲಿಲ್ಲ. ಊರಿನವರು ‘ತಿರುಮಲಯ್ಯನೋರಿಗೆ ಭಯವೇ ಇಲ್ಲ’ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಸ್ವಾಮಿಯ ನೆರಳಿನಲ್ಲೇ ಇರುವವರಲ್ಲವೇ, ಅಂತ.

ಈ ಹೆಸರಿನಿಂದಾಗಿ ನನಗೊಂದು ಹೆಚ್ಚಿನ ಕೆಲಸ ಬಂತು. ಪರೀಕ್ಷೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು ತಮ್ಮ ಭಯವನ್ನು ನನ್ನ ಅಂಗಡಿಯ ಮುಂದೆ ಬಿಟ್ಟು ಹೋಗುತ್ತಿದ್ದರು. ಅದು ಏನೇ ಪ್ರಾಣಿಯಾಗಲಿ, ಕೂಗುತ್ತದೆ. ಕೂಗಿದಾಗ ನಾನು ಹ್ಞೂಂ ಅನ್ನುತ್ತೇನೆ. ಮತ್ತೆ ಕೂಗುತ್ತದೆ, ಮತ್ತೆ ಹ್ಞೂಂ. ಕ್ರಮೇಣ ಕೂಗು ಸಣ್ಣದಾಗಿ, ಕಾಲು ಮಡಚಿ ಮಲಗುತ್ತದೆ. ಅದಕ್ಕಿಂತ ಬೇರೆ ವಿದ್ಯೆ ನನಗೇನೂ ಬರುವುದಿಲ್ಲ.

ಎಲ್ಲರಿಗಿಂತ ಹೆಚ್ಚಾಗಿ ನನ್ನ ಕೈಗೆ ಭಯ ಕೊಟ್ಟವಳು ನನ್ನ ಹೆಂಡತಿ ಅಂಬುಜ. ಅವಳದು ಬಾತುಕೋಳಿ. ಗುಡುಗಿದರೆ, ಪೋಸ್ಟಿನವನು ಹೆಸರು ಹಿಡಿದು ಕೂಗಿದರೆ, ಹಾಲು ಒಡೆದರೆ, ಲಾರಿ ಹಾರನ್ ಹಾಕಿದರೆ ಕಾಲಬುಡದಲ್ಲಿ ಬಾತುಕೋಳಿ ಹಾಜರು. ಅದನ್ನು ಅವಳು ತಿರುಗಿಯೂ ನೋಡದೆ ಎತ್ತಿ ‘ಹಿಡ್ಕೊಳ್ರೀ’ ಎಂದು ನನ್ನ ಕೈಗಿತ್ತು ತನ್ನ ಕೆಲಸಕ್ಕೆ ಹೋಗುತ್ತಾಳೆ. ಮದುವೆಯಾದ ವಾರದಿಂದ ಹೀಗೇ. ‘ನಮ್ಮನೆಯವರು ಇದ್ದಾರಲ್ಲ’ ಎನ್ನುವುದು ಅವಳ ಬಾಯಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಬರುವ ಮಾತು. ಆ ಮಾತಿನ ಮೇಲೆ ಅವಳ ಇಡೀ ಸಂಸಾರ ನಿಂತಿತ್ತು. ಕೈ ಚಾಚಿದರೆ ಅಲ್ಲಿ ನಾನಿರುತ್ತೇನೆ, ನನ್ನ ಪಕ್ಕದಲ್ಲಿ ಏನೂ ನಿಂತಿರುವುದಿಲ್ಲ ಎನ್ನುವ ಭರವಸೆಯ ಮೇಲೆ.

ನನ್ನ ಎಡದವಡೆಯ ಕೆಳಗಿನ ಎರಡು ಹಲ್ಲು ಒಸಡು ಸಡಿಲಾಗಿ ತಾವೇ ಉದುರಿದ್ದವು. ಅಂದಿನಿಂದ ಅಂಬುಜ ಅನ್ನವನ್ನು ಮುದ್ದೆಯಾಗುವಂತೆ ಬೇಯಿಸತೊಡಗಿದಳು. ಪಲ್ಯವನ್ನು ಗೊಜ್ಜು ಮಾಡಿದಳು. ತಾನೂ ಅದನ್ನೇ ತಿಂದಳು. ‘ನಿನಗೆ ಬೇರೆ ಮಾಡ್ಕೋ’ ಎಂದರೆ ‘ಎರಡೆರಡು ಪಾತ್ರೆ ಯಾರು ತೊಳೀತಾರೆ’ ಎಂದಳು. ಕರುಂಕುರುಂ ಅನ್ನುವುದು ಏನಿದ್ದರೂ ಇಷ್ಟಪಡುತ್ತಿದ್ದವಳು ಹೀಗೆ ಗಂಜಿ ಸುರಿಯುವುದನ್ನು ನೋಡಲಾರದೆ ನಾನು ಒಂದು ದಿನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಯ ಮಹಡಿ ಹತ್ತಿದೆ.

ಅಲ್ಲಿ ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಗಂಡ ಜಬ್ಬಾರ್ ಸಾಹೇಬರು ಹಲ್ಲು ಕೀಳುವವರು, ಹೆಂಡತಿ ಮೆಹರುನ್ನಿಸಾ ಹಲ್ಲು ನೆಡುವವರು. ಈ ವಿಷಯದಲ್ಲಿ ಊರಿನವರು ಬೇಕಾದಷ್ಟು ತಮಾಷೆ ಮಾಡಿ ಸುಸ್ತಾಗಿದ್ದಾರೆ. ಮೆಹರುನ್ನಿಸಾ ಮೃದುವಾಗಿ ಮಾತಾಡುವ ಹೆಂಗಸು. ದವಡೆಯ ಮೂಳೆಗೆ ತೂತು ಕೊರೆದು ಒಂದು ಲೋಹದ ತಿರುಪು ಕೂರಿಸುತ್ತಾರಂತೆ. ಮೂಳೆ ಅದನ್ನು ತನ್ನದೆಂದು ಹಿಡಿದುಕೊಳ್ಳುವವರೆಗೆ ಕೆಲವು ತಿಂಗಳು ಬಿಟ್ಟು, ಮೇಲೆ ಹಲ್ಲು ತೊಡಿಸುತ್ತಾರಂತೆ. ನಾನು ತಲೆಯಾಡಿಸಿದೆ. ಆಮೇಲೆ ಅವರು ಅಚ್ಚು ತೆಗೆಯಬೇಕೆಂದು ಒಂದು ತಟ್ಟೆಯ ತುಂಬ ತಣ್ಣನೆಯ ಮುದ್ದೆಯನ್ನು ನನ್ನ ಬಾಯಿಗೆ ಒತ್ತಿ, ‘ನಾಲಿಗೆ ಅಲ್ಲಾಡಿಸಬೇಡಿ’ ಎಂದರು.

ನಾನು ಪದ್ಯದ ಮೂರನೆಯ ಸಾಲಿನಲ್ಲಿದ್ದೆ. ನಾಲಿಗೆ ನಿಂತಿತು. ಪದ್ಯ ನಿಂತಿತು. ಬೆನ್ನ ಹಿಂದೆ ನೆಲದ ಹಲಗೆ ಒಮ್ಮೆ ನರಳಿತು, ನನ್ನ ಕುತ್ತಿಗೆಗೆ ಬಿಸಿಯಾದ ಉಸಿರು ತಾಗಿತು. ಬಾಗಿಲ ಹತ್ತಿರ ನಿಂತಿದ್ದ ಸಹಾಯಕಿ ಫಿಲೋಮಿನಾ ತಟ್ಟನೆ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದಳು. ಅಚ್ಚು ಗಟ್ಟಿಯಾಗಿ ತಟ್ಟೆ ಹೊರಗೆ ಬಂದದ್ದೇ ತಡ, ಉಳಿದ ಮೂರು ಸಾಲುಗಳನ್ನು ನಾಲಿಗೆಯಲ್ಲಿ ಓಡಿಸಿಬಿಟ್ಟೆ. ಹಿಂದೆ ಇದ್ದದ್ದು ಒಳಗೆ ಹೋಯಿತು.

‘ತಿರುಮಲಯ್ಯನೋರೇ’ ಎಂದರು ಮೆಹರುನ್ನಿಸಾ, ಕೈ ಒರೆಸಿಕೊಳ್ಳುತ್ತಾ, ‘ನೆಡೋ ದಿವಸ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಒಬ್ಬರೇ ಬರಬೇಡಿ.’

‘ನನಗೆ ಹಿಡಿಯೋರು ಬೇಕಾಗಿಲ್ಲಮ್ಮ.’

‘ಬೇಕಾಗುತ್ತೆ’ ಎಂದಳು ಫಿಲೋಮಿನಾ, ಕ್ಯಾಲೆಂಡರಿಗೆ ಹೇಳುವಂತೆ. ‘ಒಬ್ಬರಿದ್ರೆ ಸಾಲದು ಸಾರ್.’

ಅದೇನು ಪ್ರಾಣಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮರ್ಯಾದೆಯ ಪ್ರಕಾರ ಅವಳು ಹೇಳುತ್ತಲೂ ಇರಲಿಲ್ಲ. ಮನೆಗೆ ಬರುವಾಗ ಸ್ವಾಮಿಯ ಮುಂದೆ ನಿಂತು ಬೇಡಿಕೊಂಡೆ: ಹಲ್ಲು ಬಂದರೂ ಸರಿ, ಬಾರದಿದ್ದರೂ ಸರಿ, ಅಂಬುಜಳಿಗೆ ಮಾತ್ರ ಇದು ಕಾಣದಿರಲಿ. ನನ್ನ ಪಕ್ಕದಲ್ಲಿ ಅಷ್ಟು ದೊಡ್ಡದು ನಿಂತದ್ದನ್ನು ಕಂಡ ಮೇಲೆ ಅವಳು ತನ್ನ ಬಾತುಕೋಳಿಯನ್ನು ಯಾರ ಕೈಗೆ ಕೊಡಬೇಕು?

ಅಂಬುಜಳಿಗೆ ವಿಷಯ ಗೊತ್ತಾದದ್ದು ಫೋನಿನಿಂದ. ನಾನು ಅಂಗಡಿಯಲ್ಲಿದ್ದಾಗ ಫಿಲೋಮಿನಾ ಮನೆಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು ಬರಲಿ, ಹಿಡಿಯುವವರು ಜೊತೆಗಿರಲಿ ಎಂದಿದ್ದಾಳೆ. ಊಟಕ್ಕೆ ಬಂದರೆ ಅಂಬುಜ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಾಳೆ.

‘ಏನ್ರೀ, ಹಲ್ಲು ನೆಡಿಸ್ಕೋತಿದ್ದೀರಂತೆ? ನನಗೊಂದು ಮಾತು ಬೇಡ್ವಾ? ಊರಿಗೆಲ್ಲ ಗೊತ್ತು, ಹೆಂಡ್ತಿಗೆ ಗೊತ್ತಿಲ್ಲ.’

‘ಸಣ್ಣ ಕೆಲಸ ಕಣೇ.’

‘ಮೂಳೆ ಕೊರೆಯೋದು ಸಣ್ಣ ಕೆಲಸಾನಾ? ನಾನು ಬರ್ತೀನಿ.’

‘ನೀನ್ಯಾಕೆ? ನನಗೇನು ಭಯವಾ?’

‘ನಿಮಗೆಲ್ಲಿಂದ ಬಂತು ಭಯ! ನನಗೆ ಗೊತ್ತಿಲ್ವಾ? ಅಂಗಳದಲ್ಲಿ ಕೂತಿರ್ತೀನಿ, ಅಷ್ಟೇ. ಹೊರಗೆ ಬಂದಾಗ ಯಾರಾದ್ರೂ ಇರಬೇಕು’ ಎಂದಳು. ಎಂದವಳು ಅಡುಗೆಮನೆಗೆ ಹೋಗಿ ಗೂಟದಲ್ಲಿದ್ದ ಹಗ್ಗವನ್ನು ಕೈಚೀಲಕ್ಕೆ ಹಾಕಿಕೊಂಡಳು. ನಾನು ನೋಡಿದ್ದನ್ನು ನೋಡಿ, ‘ಪಕ್ಕದಲ್ಲಿ ಕೂತೋರಿಗೆ ಬೇಕಾಗಬಹುದು’ ಎಂದಳು.

ಮರುದಿನ ನಾವು ಹೋದಾಗ ಅಂಗಳದಲ್ಲಿ ಒಬ್ಬರೇ ಇದ್ದರು, ಹವಾಲ್ದಾರ್ ಬಸವಂತಪ್ಪ. ಮೀಸೆಯೇ ಅರ್ಧ ಮುಖವಿರುವ ಮನುಷ್ಯ. ಬಲಗೆನ್ನೆ ಊದಿತ್ತು. ಜೊತೆಗೆ ಬಂದಿದ್ದ ಅವರ ಭಾವಮೈದ ಬೀಡಿ ತರುತ್ತೇನೆಂದು ಹೋದವನು ಪತ್ತೆಯಿಲ್ಲವಂತೆ. ಅವರ ಪಕ್ಕದಲ್ಲಿ ಇನ್ನೂ ಏನೂ ನಿಂತಿರಲಿಲ್ಲ. ‘ನಮಗೆಲ್ಲ ಏನಮ್ಮ, ಪೊಲೀಸ್ನೋರಿಗೆ’ ಎಂದು ಅಂಬುಜಳಿಗೆ ಹೇಳುತ್ತಾ ಅವರು ಮುಂದೆ, ನಾನು ಹಿಂದೆ ಮೆಟ್ಟಿಲು ಹತ್ತಿದೆವು. ಅವರನ್ನು ಜಬ್ಬಾರ್ ಸಾಹೇಬರ ಕೋಣೆಗೆ ಕರೆದರು, ನನ್ನನ್ನು ಪಕ್ಕದ ಕೋಣೆಗೆ.

ಆಮೇಲೆ ಕೆಳಗೆ ನಡೆದದ್ದನ್ನು ನನಗೆ ಹೇಳಿದ್ದು ಫಿಲೋಮಿನಾ. ಜಬ್ಬಾರ್ ಸಾಹೇಬರು ಇಕ್ಕಳ ಕೈಗೆತ್ತಿಕೊಂಡ ಕೂಡಲೇ ಹವಾಲ್ದಾರರ ಕುರ್ಚಿಯ ಪಕ್ಕ ಒಂದು ಕುರಿಮರಿ ಬಂದು ನಿಂತಿತು. ಇನ್ನೂ ಕಾಲು ಗಟ್ಟಿಯಾಗದ, ಮೊಲೆ ಹುಡುಕುವಂಥ ಮರಿ. ಫಿಲೋಮಿನಾ ಅದನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಭಾವಮೈದ ಬಂದಿರಲಿಲ್ಲ. ಅಲ್ಲಿದ್ದವಳು ಅಂಬುಜ ಒಬ್ಬಳೇ. ‘ಅಮ್ಮಾ, ಸ್ವಲ್ಪ ಹಿಡ್ಕೊಳ್ತೀರಾ?’ ಎಂದಳು. ಯಾರದೆಂದು ಹೇಳುವ ಹಾಗಿಲ್ಲ, ಹೇಳಲಿಲ್ಲ. ಯಾರದೆಂದು ಕೇಳುವ ಹಾಗಿಲ್ಲ, ಅಂಬುಜ ಕೇಳಲಿಲ್ಲ. ಗಂಡ ಈಗ ತಾನೇ ಮೇಲೆ ಹೋಗಿದ್ದಾನೆ, ಅವನ ಹಿಂದೆಯೇ ಇದು ಇಳಿದು ಬಂದಿದೆ. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳಂತೆ. ಕಣ್ಣಲ್ಲಿ ನೀರು ಬಂತಂತೆ. ‘ಇಷ್ಟೇ ಇಷ್ಟಾ? ಇಷ್ಟಕ್ಕೆ ನನ್ನ ಹತ್ರ ಮುಚ್ಚಿಟ್ಟಿದ್ರಾ?’ ಎಂದು ಮರಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡು ಕೂತಳಂತೆ.

ಮೇಲೆ ನಾನು ಕುರ್ಚಿಯಲ್ಲಿ ಒರಗಿದ್ದೆ. ಷಟ್ಪದಿಗಳು ಒಂದರ ಹಿಂದೆ ಒಂದು ಸರಾಗವಾಗಿ ಹೋಗುತ್ತಿದ್ದವು. ಮೆಹರುನ್ನಿಸಾ ದವಡೆಯ ಹಿಂಭಾಗಕ್ಕೆ ಸೂಜಿ ಚುಚ್ಚಿದರು. ‘ತುಟಿ ಜೋಮು ಹಿಡಿಯುತ್ತೆ. ನಾಲಿಗೆಯೂ ಅರ್ಧ ಜೋಮು ಹಿಡಿಯುತ್ತೆ, ಗಾಬರಿಯಾಗಬೇಡಿ’ ಎಂದರು. ನಾಲಿಗೆಯ ಮಾತು ಮೊದಲೇ ಹೇಳಬಾರದಿತ್ತೇ ಎಂದುಕೊಂಡೆ. ಮೊದಲು ತುಟಿ ಯಾರದೋ ಆಯಿತು. ಆಮೇಲೆ ನಾಲಿಗೆಯ ಎಡಭಾಗ ಒದ್ದೆಬಟ್ಟೆಯ ಹಾಗೆ ಬಿದ್ದುಕೊಂಡಿತು. ಬಲಭಾಗ ಒಂದೇ ಪದ್ಯವನ್ನು ಎಳೆಯಲು ನೋಡಿತು. ಪದ್ಯ ಕುಂಟಿತು, ಒಂದು ಸಾಲಿನ ನಡುವೆ ಕೂತೇಬಿಟ್ಟಿತು.

ಒಸಡು ಬಿಡಿಸಿದ್ದು ನನಗೆ ನೋಯಲಿಲ್ಲ. ಕೊರೆಯುವ ಯಂತ್ರ ಮೂಳೆಗೆ ತಾಗಿದಾಗ ತಲೆಬುರುಡೆಯೆಲ್ಲ ಕೆಳಗಿನ ಗಿರಣಿಯಾಯಿತು. ಆಗ ನೆಲ ನರಳಿತು. ಈ ಸಲ ಬರೀ ಉಸಿರಲ್ಲ. ಕುರ್ಚಿಯ ಎಡಗಡೆಯಿಂದ ಒಂದು ದೊಡ್ಡ ತಲೆ ನನ್ನ ಕಣ್ಣಿನ ಅಂಚಿಗೆ ಬಂತು.

ಎತ್ತು. ಮುದಿ ಎತ್ತು. ನಾನು ಊರಿನವರ ಭಯಗಳನ್ನು ಎಷ್ಟೋ ನೋಡಿದ್ದೇನೆ. ಎಲ್ಲವೂ ಆಗತಾನೇ ಹುಟ್ಟಿ ಆಗಲೇ ಹೋಗುವಂಥವು, ಮೈಮೇಲೆ ಹೊಸತನದ ಹೊಳಪಿರುವಂಥವು. ಇದು ಒಳಗೇ ಇದ್ದು ಮುದಿಯಾಗಿತ್ತು. ಮೂತಿಯ ಸುತ್ತ ನರೆತ ಕೂದಲು, ಕಣ್ಣಿಗೆ ಬೆಳಕು ತಡೆಯದೆ ನೀರು ಸುರಿಯುತ್ತಿತ್ತು. ಒಂದು ಕೊಂಬು ಒಳಕ್ಕೆ ಬಾಗಿ ಕೆನ್ನೆಗೆ ತಾಗುವುದರಲ್ಲಿತ್ತು. ನಿಲ್ಲಲು ಜಾಗ ಸಾಲದೆ ಅದು ಹಿಂದೆ ಸರಿದಾಗ ಔಷಧಿಯ ಸ್ಟ್ಯಾಂಡು ಖಣಖಣ ಎಂದಿತು.

ಮೆಹರುನ್ನಿಸಾ ಯಂತ್ರ ನಿಲ್ಲಿಸಿದರು. ಎತ್ತನ್ನು ನೋಡದೆ ನನ್ನನ್ನೇ ನೋಡುತ್ತಾ ಕೇಳಿದರು, ‘ಕೆಳಗೆ ನಿಮ್ಮವರು ಇದ್ದಾರಲ್ವಾ? ಕರೆಸಲಾ?’

ನಾನು ಕೈಯಾಡಿಸಿ ಬೇಡವೆಂದೆ. ಫಿಲೋಮಿನಾ ಕಿಟಕಿಯಿಂದ ಇಣುಕಿ, ‘ಅಮ್ಮನ ಕೈಲಿ ಆಗ್ಲೇ ಒಂದಿದೆ ಮೇಡಂ. ಅದನ್ನ ತಟ್ಟಿ ಮಲಗಿಸ್ತಿದ್ದಾರೆ’ ಎಂದಳು. ಅದನ್ನು ಅಂಬುಜ ನನ್ನದೆಂದುಕೊಂಡಿದ್ದಾಳೆ ಎನ್ನುವುದು ಹೇಳುವಾಗ ಅವಳಿಗೇ ಹೊಳೆದಿರಬೇಕು. ಬಾಯಿಗೆ ಕೈ ಹಿಡಿದುಕೊಂಡಳು.

‘ನೋಡಿ’ ಎಂದರು ಮೆಹರುನ್ನಿಸಾ, ‘ಒಸಡು ಬಿಡಿಸಿ ಆಗಿದೆ. ಈಗ ನಿಲ್ಲಿಸಿದ್ರೆ ಹೊಲಿಗೆ ಹಾಕಿ ಕಳಿಸ್ಬೇಕು, ಮತ್ತೆ ಮೊದಲಿಂದ ಶುರು. ಮುಂದುವರಿಸ್ಬೇಕು ಅಂದ್ರೆ ಅದು ಅಲ್ಲಾಡಬಾರದು. ನನ್ನ ಮೊಣಕೈಗೆ ತಾಗಿದ್ರೆ ಕಷ್ಟ. ಊರಿನ ಭಯಕ್ಕೆಲ್ಲ ಸಮಾಧಾನ ಹೇಳೋರು ನೀವು. ಇದಕ್ಕೂ ಏನಾದ್ರೂ ಹೇಳಿ.’

ಹೇಳುವುದು ಹೇಗೆ? ಬಾಯಿ ತೆರೆದಿದೆ, ತುಟಿ ಯಾರದೋ, ನಾಲಿಗೆ ಅರ್ಧ ಸತ್ತಿದೆ. ಎತ್ತು ನನ್ನ ಕಿವಿಯ ಹತ್ತಿರಕ್ಕೆ ಮೂತಿ ತಂದು ಗಂಟಲೊಳಗೇ ಒಂದು ಸದ್ದು ಮಾಡಿತು. ಯಂತ್ರದ ಬಗ್ಗೆ ಅಲ್ಲ ಅದು. ಸೂಜಿಯ ಬಗ್ಗೆಯೂ ಅಲ್ಲ. ಅದರ ಉಸಿರಿನಲ್ಲಿ ಹರಳೆಣ್ಣೆ ದೀಪದ ವಾಸನೆಯಿತ್ತು, ನಮ್ಮ ಜಗಲಿಯದು. ತಾತ ಪದ್ಯ ನಿಲ್ಲಿಸಿದ್ದಾರೆ, ನನಗೆ ತೂಕಡಿಕೆ, ಹ್ಞೂಂ ಅನ್ನುವುದು ಒಂದು ಗಳಿಗೆ ತಡವಾಗಿದೆ. ನಾನು ಅನ್ನದಿದ್ದರೆ ಪದ್ಯ ಅಲ್ಲಿಗೇ ನಿಂತುಹೋಗುತ್ತದೆ, ಪದ್ಯ ನಿಂತರೆ ತಾತನ ಉಸಿರೂ ನಿಲ್ಲುತ್ತದೆ ಎಂದು ನಂಬಿದ್ದ ಆ ಮಗುವಿನ ಎದೆ ಹೊಡೆದುಕೊಳ್ಳುವುದು ನನಗೆ ಕೇಳಿಸಿತು. ಅಷ್ಟು ಹಳೆಯದು. ಅಂದಿನಿಂದ ಯಾರೂ ಅದರ ಮಾತಿಗೆ ಕಿವಿಗೊಟ್ಟಿರಲಿಲ್ಲ.

ಗಂಟಲಿಗೆ ನಾಲಿಗೆ ಬೇಕಾಗಿಲ್ಲ. ನಾನು ಗಂಟಲಿನಿಂದಲೇ ಹ್ಞೂಂ ಎಂದೆ. ಎತ್ತು ಕಿವಿ ನಿಗುರಿಸಿತು. ಮತ್ತೆ ಏನೋ ಹೇಳಿತು. ಮತ್ತೆ ಹ್ಞೂಂ ಎಂದೆ. ಮೆಹರುನ್ನಿಸಾ ನಾವು ಮಾತಾಡಿ ಮುಗಿಸುವವರೆಗೆ ಕಾದರು. ಮುಂಗಾಲು ಮಡಚಿ, ಹಿಂಗಾಲು ಮಡಚಿ, ಬಾಗಿಲಿನಿಂದ ಕಿಟಕಿಯವರೆಗೆ ನೆಲವನ್ನೆಲ್ಲ ತುಂಬಿಕೊಂಡು ಅದು ಮಲಗಿತು. ಫಿಲೋಮಿನಾ ಅದರ ಬೆನ್ನಿನ ಆಚೆ ಸಿಕ್ಕಿಕೊಂಡಳು. ಉಪಕರಣಗಳನ್ನು ಡುಬ್ಬದ ಮೇಲಿಂದಲೇ ದಾಟಿಸತೊಡಗಿದಳು.

ತಿರುಪು ಮೂಳೆಯೊಳಗೆ ಇಳಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಜಬ್ಬಾರ್ ಸಾಹೇಬರು ‘ಆಯ್ತು, ಬಂತು, ನೋಡಿ’ ಎಂದದ್ದು ಕೇಳಿಸಿತು. ಹವಾಲ್ದಾರರ ಹಲ್ಲು ಬಂದಿತ್ತು. ಅಂದರೆ ಅಂಗಳದಲ್ಲಿ ಕುರಿಮರಿ ಹೋಗಿತ್ತು. ಬರಿದಾದ ಮಡಿಲು ಕೊಡವಿಕೊಂಡು ಯಾರೋ ಮೆಟ್ಟಿಲುಗಳನ್ನು ದಡದಡ ಹತ್ತುತ್ತಿದ್ದರು. ನನಗೆ ಆ ಹೆಜ್ಜೆ ಯಾರದೆಂದು ಗೊತ್ತು.

‘ಮುಗೀತಲ್ವಾ ಡಾಕ್ಟ್ರಮ್ಮ? ನನ್ನ ಕೈಯಿಂದ ಹೋಯ್ತು ಅದು! ಎಷ್ಟು ಸಾಧು ಅಂತೀರಾ, ನಾನೊಂದು ಹಾಡು ಹೇಳಿದ್ದಕ್ಕೆ ಹಾಗೇ...’

ಬಾಗಿಲಲ್ಲಿ ಅವಳ ಮಾತು ನಿಂತಿತು.

ನಾನು ಬಾಯಿ ತೆರೆದುಕೊಂಡು ಒರಗಿದ್ದೇನೆ. ಡಾಕ್ಟರ ಎರಡೂ ಕೈ ನನ್ನ ಬಾಯಲ್ಲಿವೆ. ನಮ್ಮಿಬ್ಬರ ನಡುವೆ, ಅವಳ ಪಾದದ ಹತ್ತಿರದಿಂದ ನನ್ನ ಕುರ್ಚಿಯವರೆಗೆ, ಆ ಎತ್ತು. ಅಂಬುಜ ಅದನ್ನು ತಲೆಯಿಂದ ಬಾಲದವರೆಗೆ ದಿಟ್ಟಿಸಿ ನೋಡಿದಳು. ಕೇಳಬಾರದ್ದನ್ನು ಕೇಳಿದಳು.

‘ಇದು ಯಾರ್ದು?’

ಫಿಲೋಮಿನಾ ಕ್ಯಾಲೆಂಡರ್ ನೋಡಿದಳು. ಆಗ ಅಂಬುಜಳ ಹಿಂದಿನಿಂದ ಹವಾಲ್ದಾರ್ ಬಸವಂತಪ್ಪ, ಹತ್ತಿ ಕಚ್ಚಿದ ಬಾಯಿಯಲ್ಲಿ, ಮೀಸೆ ಸರಿಮಾಡಿಕೊಳ್ಳುತ್ತಾ ಹೇಳಿದರು, ‘ನಂದಮ್ಮಾ ಅದು. ನಂದೇ.’

ಒಳ್ಳೆಯ ಮನುಷ್ಯ ಅವರು. ಪಕ್ಕದ ಕೋಣೆಯ ಕಿಟಕಿಯಿಂದ ಅಂಬುಜ ಅಂಗಳದಲ್ಲಿ ಹಾಡುತ್ತಿದ್ದದ್ದು ಅವರಿಗೆ ಕೇಳಿಸಿತ್ತು, ಯಾವುದಕ್ಕೆ ಹಾಡುತ್ತಿದ್ದಾಳೆ ಎನ್ನುವುದೂ ಗೊತ್ತಿತ್ತು. ಆ ಋಣ ತೀರಿಸುತ್ತಿದ್ದರು. ಕುರಿಮರಿಗಿಂತ ಎತ್ತು ತಮ್ಮ ಮೀಸೆಗೆ ಹೊಂದುತ್ತದೆ ಎಂಬ ಆಸೆಯೂ ಸ್ವಲ್ಪ ಇದ್ದಿರಬಹುದು.

‘ನಿಮ್ದಾ?’ ಎಂದಳು ಅಂಬುಜ. ಅವಳ ಭುಜ ಇಳಿಯಿತು. ಹೋದ ಉಸಿರು ಬಂದಂತೆ ಕಂಡಳು. ‘ಅಯ್ಯೋ ಪಾಪ. ಇಷ್ಟು ದೊಡ್ಡದನ್ನ ಹೇಗೆ ಇಟ್ಕೊಂಡಿದ್ರಿ ಸ್ವಾಮಿ? ನಮ್ಮನೆಯವರದು ಇಷ್ಟೇ ಇಷ್ಟು. ಮಡಿಲಲ್ಲಿ ಮಲಗ್ತು.’

ಸ್ವಾಮಿಯೇ ಹವಾಲ್ದಾರರ ವೇಷದಲ್ಲಿ ಬಂದು ನಾನು ಬೇಡಿದ್ದನ್ನು ನಡೆಸಿಕೊಟ್ಟಂತಾಗಿತ್ತು. ನಾನು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದದ್ದು. ಎತ್ತು ನನ್ನ ಕಡೆ ತಲೆ ಎತ್ತಿತು. ಅದರ ಕಣ್ಣಿನಿಂದ ಇನ್ನೂ ನೀರು ಸುರಿಯುತ್ತಿತ್ತು. ಈಗ ತಾನೇ ಎಲ್ಲವನ್ನೂ ನನಗೆ ಹೇಳಿಕೊಂಡು, ನಾನು ಹ್ಞೂಂ ಎಂದದ್ದನ್ನು ನಂಬಿ ಮಲಗಿದ್ದ ಪ್ರಾಣಿ. ಅದನ್ನು ಇನ್ನೊಬ್ಬರ ಹೆಸರಿಗೆ ಹೇಗೆ ಬರೆಯುವುದು?

ಎಡಗೈ ಕೆಳಗಿಳಿಸಿ ಅದರ ಬಾಗಿದ ಕೊಂಬನ್ನು ಹಿಡಿದುಕೊಂಡೆ.

ಹವಾಲ್ದಾರರು ಸಣ್ಣಗೆ ಕೆಮ್ಮಿ ಗೋಡೆಯ ಕಡೆ ತಿರುಗಿದರು. ಅಂಬುಜ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೇನೋ ಬಂದು ಹೋದವು. ಅದರಲ್ಲಿ ಒಂದನ್ನು ಕಂಡು ನನಗೆ ಕೊಂಬು ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ.

ಅವಳು ಬಗ್ಗಿ ಎತ್ತಿನ ಕಾಲು ಮುಟ್ಟಿ ನೋಡಿದಳು. ‘ಗೊರಸು ನೋಡಿ ಹೇಗೆ ಬೆಳೆದಿದೆ. ಒಂದು ದಿವಸಾನಾದ್ರೂ ಹೊರಗೆ ನಡೆಸಿದ್ದೀರಾ ಇದನ್ನ?’

ನಾನು ಬಲಗೈಯಾಡಿಸಿ ಇಲ್ಲವೆಂದೆ.

‘ಮದುವೆ ಆದ ಮೇಲಿಂದಾ, ಮುಂಚಿಂದಾ?’

ನಾನು ಬೆರಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತೋರಿಸಿದೆ.

‘ಸದ್ಯ. ನನ್ನಿಂದ ಬಂದಿದ್ದಲ್ಲ’ ಎಂದಳು. ಮೂಗು ಒರೆಸಿಕೊಂಡಳು. ಆಮೇಲೆ ಎತ್ತಿನ ಪಕ್ಕೆಗೆ ಅಂಗೈಯಿಂದ ಒಂದು ಬಾರಿಸಿ, ‘ಸ್ವಲ್ಪ ಸರ್ಕೋ’ ಎಂದಳು. ಅದು ಸರಿಯಿತು. ಅವಳು ನೆಲದ ಮೇಲೆ ಅದಕ್ಕೆ ಬೆನ್ನು ಕೊಟ್ಟು ಕೂತು, ಕೈಚೀಲದಿಂದ ಹಗ್ಗ ತೆಗೆದು ಅದರ ಕೊರಳಿಗೆ ಹಾಕಿ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡಳು. ‘ನೀವು ನಿಮ್ಮ ಕೆಲಸ ಮಾಡಿ ಡಾಕ್ಟ್ರಮ್ಮ. ನಾನು ಹಿಡ್ಕೊಂಡಿದ್ದೀನಿ.’

ಹೊಲಿಗೆ ಹಾಕಿ ಮುಗಿಯಿತು. ಐಸ್ ಇಟ್ಟುಕೊಳ್ಳಿ, ಬಿಸಿಯದು ಕುಡಿಯಬೇಡಿ, ಉಗುಳಬೇಡಿ ಎಂದು ಮೆಹರುನ್ನಿಸಾ ಹೇಳಿದ್ದನ್ನೆಲ್ಲ ಅಂಬುಜ ಕೇಳಿಸಿಕೊಂಡಳು. ಬೇರೆಯವರ ಭಯವಾಗಿದ್ದರೆ ಇಷ್ಟರಲ್ಲಿ ಕರಗಿರಬೇಕು. ಇದು ಮುದಿಯದು, ಎಲ್ಲದರಲ್ಲೂ ನಿಧಾನ. ಇನ್ನೂ ಮಲಗೇ ಇತ್ತು. ಗಿರಣಿಯ ಮೇಲೆ ಎತ್ತನ್ನು ಬಿಟ್ಟು ಹೋಗುವ ಹಾಗಿಲ್ಲ. ಇಳಿಸಬೇಕು.

ಎತ್ತನ್ನು ಮೆಟ್ಟಿಲು ಇಳಿಸಿದವರು ಯಾರಾದರೂ ಓದುಗರಲ್ಲಿದ್ದರೆ ಅವರಿಗೆ ವಿವರಿಸಬೇಕಾಗಿಲ್ಲ. ಜಬ್ಬಾರ್ ಸಾಹೇಬರು ಕೋಟು ಕಳಚಿ ಹಿಂದಿನಿಂದ ಬಾಲ ಹಿಡಿದರು. ಹವಾಲ್ದಾರರು ಮುಂದೆ ನಿಂತು ಎದೆ ಕೊಟ್ಟರು. ‘ಬಲಗಾಲು, ಬಲಗಾಲು’ ಎಂದು ಫಿಲೋಮಿನಾ ಮೇಲಿನಿಂದ ಕೂಗಿದರೆ, ‘ಅದರದಾ, ನಂದಾ?’ ಎಂದು ಹತ್ತಿ ಕಚ್ಚಿದ ಬಾಯಿಯಲ್ಲಿ ಹವಾಲ್ದಾರರು. ನಾನು ಕೆನ್ನೆಗೆ ಐಸ್ ಒತ್ತಿಕೊಂಡು ಪಕ್ಕದಲ್ಲಿ ಇಳಿಯುತ್ತಾ ಒಂದೊಂದು ಮೆಟ್ಟಿಲಿಗೂ ಅದರ ಕಿವಿಯಲ್ಲಿ ಗಂಟಲಿನ ಸದ್ದು ಮಾಡುತ್ತಿದ್ದೆ. ಅಂತೂ ಅಂಗಳ ಮುಟ್ಟಿದಾಗ ಎಲ್ಲರೂ ಬೆವತಿದ್ದರು. ಎತ್ತು ಹೊಂಗೆಯ ನೆರಳನ್ನು ಮೂಸಿ ನೋಡಿತು.

ಬೀದಿಗೆ ಬಂದೆವು. ಅಂಬುಜ ಹಗ್ಗ ಹಿಡಿದು ಮುಂದೆ, ಅವಳ ಹಿಂದೆ ಎತ್ತು, ಎತ್ತಿನ ಪಕ್ಕ ನಾನು. ಊರು ಮರ್ಯಾದೆಯಿಂದ ನಡೆದುಕೊಂಡಿತು. ಎಲೆ ಅಡಿಕೆ ಅಂಗಡಿಯವನು ಹೆಂಚು ಎಣಿಸತೊಡಗಿದ. ಕ್ಷೌರದಂಗಡಿಯಲ್ಲಿ ಕತ್ತಿ ಕೆನ್ನೆಯ ಮೇಲೆ ನಿಂತು, ಮಾಡುವವನೂ ಮಾಡಿಸಿಕೊಳ್ಳುವವನೂ ಒಟ್ಟಿಗೆ ಕಣ್ಣು ಮುಚ್ಚಿದರು. ನಲ್ಲಿಯ ಹತ್ತಿರದ ಹೆಂಗಸರು ಕೊಡದೊಳಗೆ ಇಣುಕಿದರು. ನೂರಾರು ಸಲ ತಮ್ಮ ಭಯವನ್ನು ನನ್ನ ಅಂಗಡಿಯ ಮುಂದೆ ಬಿಟ್ಟು ಹೋದ ಜನ. ನನ್ನ ಕಿವಿ ಬಿಸಿಯಾಯಿತು. ಜೋಮು ಹಿಡಿದ ತುಟಿಯಿಂದ ಎಂಜಲು ಇಳಿಯುತ್ತಿದ್ದದ್ದೂ ತಿಳಿಯಲಿಲ್ಲ. ಅಂಬುಜ ತಿರುಗಿ ಬಂದು ಸೆರಗಿನಲ್ಲಿ ಒರೆಸಿದಾಗ ಗೊತ್ತಾಯಿತು.

ಒರೆಸಿದವಳು ಬೀದಿಯ ನಡುವೆ ನಿಂತುಬಿಟ್ಟಳು.

‘ಯಾಕೆ ಎಲ್ಲ ಗೋಡೆ ನೋಡ್ತಿದ್ದೀರಿ?’ ಎಂದಳು, ಗುಡಿಯವರೆಗೂ ಕೇಳುವ ಗಂಟಲಿನಲ್ಲಿ. ‘ನೋಡ್ರಪ್ಪ. ನಮ್ಮನೆಯವರದು. ಇಷ್ಟು ದೊಡ್ಡದನ್ನ ಒಳಗಿಟ್ಕೊಂಡು ನಿಮ್ಮ ಕೋಳಿ ಕುರಿಗೆಲ್ಲ ಸಮಾಧಾನ ಮಾಡಿದ್ದಾರೆ. ನೋಡಿ, ಪರವಾಗಿಲ್ಲ, ನೋಡಿ!’

‘ಅಂಬುಜಾ’ ಎಂದೆ. ಅದು ‘ಅಂಉಹಾ’ ಎಂದು ಕೇಳಿಸಿತು.

‘ಸುಮ್ನಿರಿ, ಡಾಕ್ಟ್ರು ಮಾತಾಡಬೇಡಿ ಅಂದಿದ್ದಾರೆ.’

ಮೊದಲು ಕ್ಷೌರಿಕ ಒಂದು ಕಣ್ಣು ತೆರೆದ. ಆಮೇಲೆ ಎಲೆ ಅಂಗಡಿಯವನು. ‘ಒಳ್ಳೆ ಜಾತಿ ಎತ್ತು ಅಮ್ಮಾ’ ಎಂದ ಅವನು, ಏನು ಹೇಳಬೇಕೋ ತಿಳಿಯದೆ. ‘ಮತ್ತೆ!’ ಎಂದು ಅಂಬುಜ ಹಗ್ಗ ಜಗ್ಗಿದಳು.

ನಮ್ಮ ಬೀದಿಯ ತಿರುವಿಗೆ ಬಂದಾಗ ಹಿಂದಿನಿಂದ ಲಾರಿಯೊಂದು ಕಿವಿ ಕಿತ್ತುಹೋಗುವಂತೆ ಹಾರನ್ ಹಾಕಿತು. ಅಂಬುಜ ಬೆಚ್ಚಿದಳು. ಕಾಲಬುಡದಲ್ಲಿ ಬಾತುಕೋಳಿ ರೆಕ್ಕೆ ಬಡಿಯುತ್ತಾ ಅರಚತೊಡಗಿತು.

ಎಂದೂ ಅದನ್ನು ನೋಡದವಳು ಇಂದು ನೋಡಿದಳು. ಬಾತುಕೋಳಿಯನ್ನು ನೋಡಿ ಎತ್ತನ್ನು ನೋಡಿದಳು, ಎತ್ತನ್ನು ನೋಡಿ ನನ್ನನ್ನು. ನಾನು ಕೈ ಮುಂದೆ ಮಾಡಲಾರದೆ, ಹಿಂದೆ ಇಟ್ಟುಕೊಳ್ಳಲಾರದೆ ನಿಂತಿದ್ದೆ. ಒಳಗೆ ಒಂದು ಪದ್ಯವೂ ಬರಲಿಲ್ಲ. ಲಾರಿ ದಾಟಿ ಹೋಯಿತು. ಧೂಳು ಇಳಿಯಿತು.

‘ಏನ್ ನೋಡ್ತಾ ನಿಂತ್ರಿ?’ ಎಂದಳು ಅಂಬುಜ. ಒಂದು ಕೈಯಲ್ಲಿ ನನ್ನ ಹಗ್ಗ, ಇನ್ನೊಂದರಲ್ಲಿ ನನ್ನ ಮಾತ್ರೆಯ ಪೊಟ್ಟಣ. ‘ಎತ್ಕೊಳ್ರೀ ಅದನ್ನ. ನನ್ನ ಕೈ ಖಾಲಿ ಇಲ್ಲ, ಕಾಣಲ್ವಾ?’

ನಾನು ಬಗ್ಗಿ ಎತ್ತಿಕೊಂಡೆ.